ಪಂಚಾಯಿತಿ ಕಚೇರಿಯ ಗಣಕೀಕೃತ ಕಡತಗಳ ಬ್ಯಾಕಪ್: ಜಾಲ ಪ್ರೋಟೋಕಾಲ್‌ಗಳನ್ನು ಅರಿತು ಆಯ್ಕೆ ಮಾಡುವ ಬಗೆ

(ಗ್ರಾಮ ಪಂಚಾಯಿತಿಗಳ ಚುನಾಯಿತ ಸದಸ್ಯರ ಮಾಹಿತಿಗಾಗಿ)

ಕಚೇರಿಯ ಗಣಕಯಂತ್ರಗಳಿಗೆ ಬ್ಯಾಕಪ್ ತಂತ್ರಾಂಶವನ್ನೋ ಸಂಗ್ರಹ ಸಾಧನವನ್ನೋ ಖರೀದಿಸುವ ಪ್ರಸ್ತಾವನೆ ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಚರ್ಚೆ ಸಾಮಾನ್ಯವಾಗಿ ಎರಡು ಅಂಶಗಳಿಗೆ ಸೀಮಿತವಾಗುತ್ತದೆ: ದರ ಎಷ್ಟು, ಸಾಮರ್ಥ್ಯ ಎಷ್ಟು. ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ. ಕಚೇರಿಯಲ್ಲಿರುವ ಪ್ರತಿಯೊಂದು ಗಣಕಯಂತ್ರವೂ ಆ ಸಾಧನಕ್ಕೆ ಕಡತವನ್ನು ಬರೆಯಬಲ್ಲುದೇ? ನಾಳೆ ಬೇರೊಂದು ಬಗೆಯ ಗಣಕಯಂತ್ರವು ಅದೇ ಕಡತವನ್ನು ಮರಳಿ ಓದಬಲ್ಲುದೇ? ಈ ಪ್ರಶ್ನೆಗೆ ಉತ್ತರ ದೊರೆಯುವುದು ಜಾಲದ ಮೂಲಕ ಕಡತ ಸಾಗಿಸುವ ನಿಯಮಗಳಲ್ಲಿ, ಅಂದರೆ ಪ್ರೋಟೋಕಾಲ್‌ಗಳಲ್ಲಿ. ಈ ಲೇಖನವು ಆ ಪ್ರೋಟೋಕಾಲ್‌ಗಳು ಯಾವುವು, ಯಾವ ಕಾರ್ಯಾಚರಣೆ ವ್ಯವಸ್ಥೆ ಯಾವುದನ್ನು ಬಲ್ಲುದು, ಸಭೆಯಲ್ಲಿ ಸದಸ್ಯರು ಏನನ್ನು ಕೇಳಬೇಕು ಎಂಬುದನ್ನು ವಿವರಿಸುತ್ತದೆ.

1. ಹಿನ್ನೆಲೆ: ಕಚೇರಿ ಬದಲಾದರೂ ದಾಖಲೆ ಉಳಿಯಬೇಕು

ಬೆಂಗಳೂರಿನ ಪಶ್ಚಿಮ ಭಾಗದ ಗ್ರಾಮ ಪಂಚಾಯಿತಿಗಳಿಗೆ ಈ ವಿಷಯ ಅಪರಿಚಿತವಲ್ಲ. 2007ರಲ್ಲಿ ಕೆಂಗೇರಿ ಪುರಸಭೆ, ರಾಜರಾಜೇಶ್ವರಿನಗರ, ದಾಸರಹಳ್ಳಿ ಮೊದಲಾದ ಏಳು ನಗರಸಭೆಗಳು ಹಾಗೂ 110 ಗ್ರಾಮಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಅಂದಿನವರೆಗೆ ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿದ್ದ ತೆರಿಗೆ ನಿರ್ಧರಣಾ ಪಟ್ಟಿ, ಖಾತಾ ವಹಿ, ನಿರ್ಣಯ ಪುಸ್ತಕಗಳು ಮತ್ತೊಂದು ಸಂಸ್ಥೆಯ ವಶಕ್ಕೆ ಹೋದವು. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಪಶ್ಚಿಮ ನಗರ ಪಾಲಿಕೆಯೂ ಸೇರಿದಂತೆ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ನಗರದ ಅಂಚಿನಲ್ಲಿರುವ ಪಂಚಾಯಿತಿಯ ದಾಖಲೆಗಳು ಒಂದು ದಿನ ಬೇರೊಂದು ಕಚೇರಿಯ ಗಣಕಯಂತ್ರದಲ್ಲಿ ತೆರೆಯಲ್ಪಡಬೇಕಾಗಬಹುದು ಎಂಬುದನ್ನು ಇಂದೇ ಗಮನದಲ್ಲಿಡುವುದು ಸೂಕ್ತ.

ಕಾಗದದ ವಹಿಗೆ ಒಂದು ಅನುಕೂಲವಿತ್ತು. ಅದನ್ನು ಯಾರು ಕೈಗೆತ್ತಿಕೊಂಡರೂ ಓದಬಹುದಿತ್ತು. ಗಣಕೀಕೃತ ಕಡತಕ್ಕೆ ಆ ಅನುಕೂಲ ತಾನಾಗಿ ಬರುವುದಿಲ್ಲ. ಅದನ್ನು ಬರೆದ ತಂತ್ರಾಂಶ, ಇರಿಸಿದ ಸಾಧನ ಮತ್ತು ಸಾಗಿಸಿದ ಪ್ರೋಟೋಕಾಲ್ ಈ ಮೂರೂ ಮುಂದೆ ಓದುವವರ ಬಳಿ ಇದ್ದರೆ ಮಾತ್ರ ಅದು ದಾಖಲೆಯಾಗಿ ಉಳಿಯುತ್ತದೆ.

2. ಯಾವ ಕಡತಗಳಿಗೆ ಕಚೇರಿಯೇ ಹೊಣೆ

ಇ-ಸ್ವತ್ತು ಮತ್ತು ಪಂಚತಂತ್ರ ತಂತ್ರಾಂಶಗಳಲ್ಲಿ ನಮೂದಿಸಿದ ಮಾಹಿತಿ ಸರ್ಕಾರದ ಕೇಂದ್ರೀಯ ಸರ್ವರ್‌ಗಳಲ್ಲಿ ಸಂಗ್ರಹವಾಗುತ್ತದೆ. ಕೇಂದ್ರ ಸರ್ಕಾರದ ಇ-ಗ್ರಾಮಸ್ವರಾಜ್ ಪೋರ್ಟಲ್‌ನ ಮಾಹಿತಿಯೂ ಹಾಗೆಯೇ. ಇವುಗಳ ಬ್ಯಾಕಪ್ ಆಯಾ ಸರ್ವರ್‌ಗಳ ನಿರ್ವಾಹಕರ ಹೊಣೆ. ಇದರಿಂದಾಗಿ ಎಲ್ಲವೂ ಆನ್‌ಲೈನ್‌ನಲ್ಲಿದೆ, ಕಚೇರಿಗೆ ಬ್ಯಾಕಪ್ ಏಕೆ ಬೇಕು ಎಂಬ ಅಭಿಪ್ರಾಯ ಕೆಲವೆಡೆ ಮೂಡಿದೆ.

ಆದರೆ ಪೋರ್ಟಲ್‌ಗೆ ಸೇರದೆ ಕಚೇರಿಯ ಗಣಕಯಂತ್ರದಲ್ಲಿಯೇ ಉಳಿಯುವ ಕಡತಗಳು ಅಲ್ಪವೇನಲ್ಲ. ಹಳೆಯ ತೆರಿಗೆ ವಹಿಗಳ ಸ್ಕ್ಯಾನ್ ಪ್ರತಿಗಳು, ಸಾಮಾನ್ಯ ಸಭೆ ಹಾಗೂ ಗ್ರಾಮಸಭೆಯ ನಡವಳಿಗಳ ಬೆರಳಚ್ಚು ಪ್ರತಿಗಳು, ಕಾಮಗಾರಿಗಳ ಅಂದಾಜು ಪಟ್ಟಿ ಮತ್ತು ಛಾಯಾಚಿತ್ರಗಳು, ಬಡಾವಣೆ ನಕ್ಷೆಗಳು, ಕೊಳವೆಬಾವಿ ಹಾಗೂ ನಲ್ಲಿ ಸಂಪರ್ಕಗಳ ಪಟ್ಟಿ, ನ್ಯಾಯಾಲಯದ ಪ್ರಕರಣಗಳ ಪತ್ರವ್ಯವಹಾರ ಮುಂತಾದವು ಈ ಗುಂಪಿಗೆ ಸೇರುತ್ತವೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಕೆಂಗೇರಿ ಹೋಬಳಿಯ ನಿವಾಸಿಯೊಬ್ಬರು ಮಗಳ ವಿದ್ಯಾಭ್ಯಾಸಕ್ಕಾಗಿ ಮನೆಯ ಮೇಲೆ ಸಾಲ ಪಡೆಯಲು ಬ್ಯಾಂಕಿಗೆ ಅರ್ಜಿ ಸಲ್ಲಿಸುತ್ತಾರೆ. ನಮೂನೆ 9ರಲ್ಲಿ ಅವರ ಹೆಸರಿದೆ. ಆದರೆ ಇಪ್ಪತ್ತು ವರ್ಷಗಳ ಹಿಂದಿನ ಖಾತಾ ಬದಲಾವಣೆಯ ನಿರ್ಣಯದ ಪ್ರತಿಯನ್ನೂ ಬ್ಯಾಂಕ್ ಕೇಳುತ್ತದೆ. ಮೂಲ ವಹಿಗೆ ಗೆದ್ದಲು ಹಿಡಿದಿದೆ, ಸ್ಕ್ಯಾನ್ ಪ್ರತಿ ಇದ್ದ ಗಣಕಯಂತ್ರ ಕೆಟ್ಟಿದೆ. ಆಗ ಬ್ಯಾಕಪ್ ಪ್ರತಿ ತೆರೆಯದಿದ್ದರೆ ನಷ್ಟವಾಗುವುದು ಆ ಕುಟುಂಬಕ್ಕೆ. ದಾಖಲೆಗಳನ್ನು ವರ್ಗೀಕರಿಸಿ, ಸೂಚಿ ತಯಾರಿಸಿ, ಕ್ರಮವಾಗಿ ನಿರ್ವಹಿಸುವುದು ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4ರ ಅನ್ವಯ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಗಣಕಯಂತ್ರ ಕೆಟ್ಟಿತು ಎಂಬ ಕಾರಣ ಆ ಕರ್ತವ್ಯವನ್ನು ಇಲ್ಲವಾಗಿಸುವುದಿಲ್ಲ.

3. ಪ್ರೋಟೋಕಾಲ್ ಎಂದರೇನು

ಕಚೇರಿಯಲ್ಲಿ ಕಡತವನ್ನು ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ಕಳುಹಿಸುವಾಗ ಒಂದು ಕ್ರಮವಿದೆ. ಕಳುಹಿಸುವವರು ವಹಿಯಲ್ಲಿ ನಮೂದಿಸುತ್ತಾರೆ, ಪಡೆಯುವವರು ಸಹಿ ಮಾಡುತ್ತಾರೆ, ಕಡತ ಒಬ್ಬರ ಬಳಿ ಇರುವಾಗ ಮತ್ತೊಬ್ಬರು ಅದರಲ್ಲಿ ಟಿಪ್ಪಣಿ ಬರೆಯುವುದಿಲ್ಲ. ಈ ಕ್ರಮ ಎರಡೂ ಕಡೆಯವರಿಗೆ ತಿಳಿದಿದ್ದರೆ ಮಾತ್ರ ಕಡತ ಸುರಕ್ಷಿತವಾಗಿ ಸಾಗುತ್ತದೆ. ಗಣಕಯಂತ್ರಗಳ ನಡುವೆಯೂ ಇಂತಹ ಕ್ರಮವೊಂದು ಬೇಕು. ಯಾರು ಕೇಳುತ್ತಿದ್ದಾರೆ, ಅವರಿಗೆ ಹಕ್ಕಿದೆಯೇ, ಕಡತವನ್ನು ಬೇರೆ ಯಾರಾದರೂ ತೆರೆದಿದ್ದಾರೆಯೇ, ಬರೆದದ್ದು ಪೂರ್ಣವಾಗಿ ತಲುಪಿತೇ ಎಂಬುದನ್ನು ನಿರ್ಧರಿಸುವ ನಿಯಮಗಳ ಸಮೂಹವೇ ಜಾಲ ಕಡತ ಪ್ರೋಟೋಕಾಲ್. ಇವುಗಳಲ್ಲಿ ಸದಸ್ಯರು ತಿಳಿದಿರಬೇಕಾದವು ನಾಲ್ಕು.

ಎಸ್‌ಎಂಬಿ: 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡು, ಮೈಕ್ರೋಸಾಫ್ಟ್ ಬೆಳೆಸಿದ ಪ್ರೋಟೋಕಾಲ್ ಇದು. ವಿಂಡೋಸ್‌ನಲ್ಲಿ ಫೋಲ್ಡರ್ ಒಂದನ್ನು ಹಂಚಿಕೊಂಡಾಗ ಬಳಕೆಯಾಗುವುದು ಇದೇ. ಇದರಲ್ಲಿ ಮೂರು ಪ್ರಮುಖ ಆವೃತ್ತಿಗಳಿವೆ. ಮೊದಲನೆಯದು ಹಳೆಯದು ಮತ್ತು ಅಸುರಕ್ಷಿತ. ಎರಡನೆಯದು ವಿಂಡೋಸ್ ವಿಸ್ಟಾದೊಂದಿಗೆ ಬಂದಿತು. ಮೂರನೆಯದು 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದಿದ್ದು, ದಾರಿಯಲ್ಲಿ ಸಾಗುವ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವ ಸೌಲಭ್ಯ ಹೊಂದಿದೆ.

ಎನ್‌ಎಫ್‌ಎಸ್: ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ಯುನಿಕ್ಸ್ ಗಣಕಯಂತ್ರಗಳಿಗಾಗಿ ರೂಪಿಸಿದ್ದು. ಲಿನಕ್ಸ್ ವ್ಯವಸ್ಥೆಗಳಿಗೆ ಇದು ಸಹಜವಾದ ಪ್ರೋಟೋಕಾಲ್. ಎಸ್‌ಎಂಬಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಎನ್‌ಎಫ್‌ಎಸ್‌ನ ಸಾಮಾನ್ಯ ಬಳಕೆಯಲ್ಲಿ ಗಣಕಯಂತ್ರದ ಜಾಲ ವಿಳಾಸ ಹಾಗೂ ಬಳಕೆದಾರರ ಕ್ರಮಸಂಖ್ಯೆಯನ್ನೇ ನಂಬಲಾಗುತ್ತದೆ. ಆದುದರಿಂದ ಹೊರಗಿನವರು ವೈಫೈ ಮೂಲಕ ಸೇರಿಕೊಳ್ಳಬಹುದಾದ ಕಚೇರಿ ಜಾಲದಲ್ಲಿ ಇದನ್ನು ಎಚ್ಚರದಿಂದ ಬಳಸಬೇಕು.

ಎಎಫ್‌ಪಿ: ಆಪಲ್ ಸಂಸ್ಥೆಯ ಮ್ಯಾಕ್ ಗಣಕಯಂತ್ರಗಳ ಹಳೆಯ ಪ್ರೋಟೋಕಾಲ್. 2013ರಿಂದ ಮ್ಯಾಕ್‌ಗಳು ಎಸ್‌ಎಂಬಿಯನ್ನೇ ಮೊದಲ ಆಯ್ಕೆಯಾಗಿ ಬಳಸುತ್ತಿವೆ. ಹೊಸ ಖರೀದಿಯಲ್ಲಿ ಎಎಫ್‌ಪಿಯನ್ನು ಅವಲಂಬಿಸುವುದು ಸೂಕ್ತವಲ್ಲ.

ಎಸ್‌ಎಫ್‌ಟಿಪಿ: ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಮೂಲಕ ಕಡತ ಸಾಗಿಸುವ ವಿಧಾನ. ಇದು ಹಂಚಿಕೆಯ ಫೋಲ್ಡರ್‌ನಂತೆ ಕಾಣಿಸುವುದಿಲ್ಲ. ಆದರೆ ಬೇರೆ ಕಟ್ಟಡದಲ್ಲಿರುವ ಸಾಧನಕ್ಕೆ ಬ್ಯಾಕಪ್ ಕಳುಹಿಸಲು ಸುರಕ್ಷಿತವಾದ ಮಾರ್ಗ.

4. ಕಾರ್ಯಾಚರಣೆ ವ್ಯವಸ್ಥೆಗಳು: ಯಾವುದಕ್ಕೆ ಯಾವುದು ತಿಳಿದಿದೆ

ತಮ್ಮ ಕಚೇರಿಯಲ್ಲಿ ವಿಂಡೋಸ್ ಮಾತ್ರ ಇದೆ, ಬೇರೆ ವ್ಯವಸ್ಥೆಗಳ ವಿಚಾರ ಅನಗತ್ಯ ಎಂದು ಸದಸ್ಯರಿಗೆ ಅನಿಸಬಹುದು. ಆದರೆ ಜಾಲದ ಮೂಲಕ ಕಡತ ಸಂಗ್ರಹಿಸುವ, ನ್ಯಾಸ್ ಎಂದು ಕರೆಯಲಾಗುವ ಪೆಟ್ಟಿಗೆಯನ್ನು ಖರೀದಿಸಿದ ದಿನವೇ ಕಚೇರಿಗೆ ಎರಡನೆಯ ಕಾರ್ಯಾಚರಣೆ ವ್ಯವಸ್ಥೆ ಬಂದಂತಾಯಿತು. ಏಕೆಂದರೆ ಮಾರುಕಟ್ಟೆಯಲ್ಲಿ ದೊರೆಯುವ ಬಹುತೇಕ ನ್ಯಾಸ್ ಪೆಟ್ಟಿಗೆಗಳ ಒಳಗೆ ನಡೆಯುವುದು ಲಿನಕ್ಸ್. ಲಿನಕ್ಸ್ ಆಧಾರಿತ ಪೆಟ್ಟಿಗೆಯು ವಿಂಡೋಸ್‌ಗೆ ವಿಂಡೋಸ್‌ನಂತೆಯೇ ಕಾಣಿಸಲು ಕಾರಣವಾಗಿರುವುದು ಸಾಂಬಾ ಎಂಬ ಮುಕ್ತ ತಂತ್ರಾಂಶ. ಇದನ್ನು ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ರಚಿಸಲು ತೊಡಗಿದರು.

ಇಡೀ ಸಾರ್ವಜನಿಕ ವ್ಯವಸ್ಥೆಯೊಂದು ಲಿನಕ್ಸ್ ಬಳಸುವ ಉದಾಹರಣೆಯೂ ಕನ್ನಡಿಗರಿಗೆ ಹತ್ತಿರದಲ್ಲಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ-ಲಿನಕ್ಸ್ ಬಳಕೆಯಲ್ಲಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ಕನ್ನಡ ಬಲ್ಲ ಲಿನಕ್ಸ್ ದಿನನಿತ್ಯದ ಸಂಗತಿ.

ವಿಂಡೋಸ್: ಎಲ್ಲ ಆವೃತ್ತಿಗಳಲ್ಲಿ ಎಸ್‌ಎಂಬಿ ಇದೆ. ಎನ್‌ಎಫ್‌ಎಸ್ ಸಾಧನವನ್ನು ತಲುಪುವ ಸೌಲಭ್ಯವು ವಿಂಡೋಸ್ 10 ಮತ್ತು 11ರ ಹೋಮ್ ಆವೃತ್ತಿಯಲ್ಲಿ ಇಲ್ಲ. ಪ್ರೋ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ ಅದನ್ನು ಪ್ರತ್ಯೇಕವಾಗಿ ಸಕ್ರಿಯಗೊಳಿಸಬೇಕು. ಕಡಿಮೆ ದರಕ್ಕೆ ಸಿಕ್ಕಿತೆಂದು ಹೋಮ್ ಆವೃತ್ತಿಯ ಗಣಕಯಂತ್ರ ಖರೀದಿಸಿ, ಎನ್‌ಎಫ್‌ಎಸ್ ಮಾತ್ರ ಬಲ್ಲ ಸಂಗ್ರಹ ಸಾಧನವನ್ನು ಜೊತೆಗೆ ತಂದರೆ ಎರಡೂ ಪರಸ್ಪರ ಮಾತನಾಡುವುದಿಲ್ಲ.

ವಿಂಡೋಸ್ 7: ಇದರ ಬೆಂಬಲ 2020ರ ಜನವರಿ 14ರಂದು ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂತಹ ಯಂತ್ರಗಳು ನಡೆಯುತ್ತಿದ್ದರೂ ಹೊಸ ಭದ್ರತಾ ದೋಷಗಳಿಗೆ ಪರಿಹಾರ ಸಹಜವಾಗಿ ಬರುವುದಿಲ್ಲ.

ಲಿನಕ್ಸ್: ಎನ್‌ಎಫ್‌ಎಸ್, ಎಸ್‌ಎಂಬಿ, ಎಸ್‌ಎಫ್‌ಟಿಪಿ ಮೂರನ್ನೂ ಬಲ್ಲುದು.

ಮ್ಯಾಕ್: ಎಸ್‌ಎಂಬಿ ಮತ್ತು ಎನ್‌ಎಫ್‌ಎಸ್ ಎರಡನ್ನೂ ತಲುಪಬಲ್ಲುದು. ಪಂಚಾಯಿತಿ ಕಚೇರಿಗಳಲ್ಲಿ ಮ್ಯಾಕ್ ವಿರಳವಾದರೂ, ನಕ್ಷೆ ಅಥವಾ ವಿನ್ಯಾಸ ತಯಾರಿಸಿಕೊಡುವ ಹೊರಗಿನವರಿಂದ ಅದರ ಕಡತಗಳು ಬರುವುದುಂಟು.

ಈ ವಿವರಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಮೂರೂ ವ್ಯವಸ್ಥೆಗಳಿಗೆ ಸಾಮಾನ್ಯವಾದ ಪ್ರೋಟೋಕಾಲ್ ಎಸ್‌ಎಂಬಿ. ಪಂಚಾಯಿತಿಯಂತಹ ಸಣ್ಣ ಕಚೇರಿಯಲ್ಲಿ ಎಸ್‌ಎಂಬಿಯ ಎರಡನೆಯ ಅಥವಾ ಮೂರನೆಯ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು, ಹೊರಗಿನ ಪ್ರತಿಗಾಗಿ ಎಸ್‌ಎಫ್‌ಟಿಪಿ ಬೆಂಬಲವಿರುವ ಸಾಧನವನ್ನು ಆಯ್ದುಕೊಂಡರೆ ಮುಂದಿನ ತೊಡಕುಗಳು ಕಡಿಮೆ.

5. ಬ್ಯಾಕಪ್ ತಂತ್ರಾಂಶದ ಮಿತಿಗಳು

ಗಣಕಯಂತ್ರಕ್ಕೆ ಪ್ರೋಟೋಕಾಲ್ ತಿಳಿದಿದ್ದ ಮಾತ್ರಕ್ಕೆ ಬ್ಯಾಕಪ್ ತಂತ್ರಾಂಶಕ್ಕೂ ತಿಳಿದಿರುತ್ತದೆ ಎನ್ನುವಂತಿಲ್ಲ. ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಮಿತಿಗಳಿವೆ.

ವಿಂಡೋಸ್‌ನೊಂದಿಗೆ ಬರುವ ಫೈಲ್ ಹಿಸ್ಟರಿ ಎಂಬ ಸೌಲಭ್ಯವು ಎಸ್‌ಎಂಬಿ ಹಂಚಿಕೆಯ ಫೋಲ್ಡರ್‌ಗೆ ಪ್ರತಿ ಉಳಿಸಬಲ್ಲುದು. ಆದರೆ ಅದು ತಾನಾಗಿ ಗಮನಿಸುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳನ್ನು ಮಾತ್ರ. ಡಾಟಾ ಎಂಟ್ರಿ ಆಪರೇಟರ್ ಅವರು ಡಿ ಡ್ರೈವ್‌ನಲ್ಲಿ ವರ್ಷವಾರು ಫೋಲ್ಡರ್ ಮಾಡಿ ಇಟ್ಟ ನಡವಳಿಗಳನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ ಅವುಗಳ ಪ್ರತಿ ಆಗುವುದೇ ಇಲ್ಲ.

ಮ್ಯಾಕ್‌ನ ಟೈಮ್ ಮಷಿನ್ ಎಸ್‌ಎಂಬಿ ಮೂಲಕ ಕೆಲಸ ಮಾಡುತ್ತದೆ. ಆದರೆ ಹಂಚಿಕೆಯ ಫೋಲ್ಡರ್ ಟೈಮ್ ಮಷಿನ್‌ಗೆ ಸಿದ್ಧಪಡಿಸಿದ್ದಾಗಿರಬೇಕು. ಎನ್‌ಎಫ್‌ಎಸ್ ಅನ್ನು ಅದು ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ ಪ್ರಚಲಿತವಿರುವ ಬೋರ್ಗ್ ತಂತ್ರಾಂಶವು ದೂರದ ಸಾಧನವನ್ನು ಎಸ್‌ಎಸ್‌ಎಚ್ ಮೂಲಕ ತಲುಪುತ್ತದೆ. ರೆಸ್ಟಿಕ್ ಎಂಬ ಮುಕ್ತ ತಂತ್ರಾಂಶವು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆದು ಎಸ್‌ಎಫ್‌ಟಿಪಿಯನ್ನು ನೇರವಾಗಿ ಬಳಸಬಲ್ಲುದು. ಒಂದು ವ್ಯವಸ್ಥೆಯಲ್ಲಿ ಮಾಡಿದ ಪ್ರತಿಯನ್ನು ಮತ್ತೊಂದರಲ್ಲಿ ತೆರೆಯಬಹುದಾದ ಇಂತಹ ಗುಣ ಪಂಚಾಯಿತಿಗೆ ಉಪಯುಕ್ತ.

ವಿಂಡೋಸ್ ಕಚೇರಿಗಳಲ್ಲಿ ಪದೇ ಪದೇ ಎದುರಾಗುವ ತೊಡಕೊಂದಿದೆ. ಹಂಚಿಕೆಯ ಫೋಲ್ಡರ್‌ಗೆ ಝಡ್ ಎಂಬಂತಹ ಡ್ರೈವ್ ಅಕ್ಷರ ನೀಡಿ ಬಳಸುವುದು ರೂಢಿ. ಆ ಅಕ್ಷರ ಲಾಗಿನ್ ಆದ ಬಳಕೆದಾರರಿಗೆ ಮಾತ್ರ ಸಂಬಂಧಿಸಿದ್ದು. ರಾತ್ರಿ ಯಾರೂ ಲಾಗಿನ್ ಆಗಿರದ ಸಮಯದಲ್ಲಿ ಹಿನ್ನೆಲೆಯಲ್ಲಿ ನಡೆಯುವ ಬ್ಯಾಕಪ್ ಸೇವೆಗೆ ಝಡ್ ಡ್ರೈವ್ ಕಾಣಿಸುವುದಿಲ್ಲ. ಬ್ಯಾಕಪ್ ವಿಫಲವಾಗುತ್ತದೆ. ಯಾರೂ ವರದಿ ನೋಡದಿದ್ದರೆ ತಿಂಗಳುಗಟ್ಟಲೆ ಅದು ತಿಳಿಯುವುದೂ ಇಲ್ಲ. ಡ್ರೈವ್ ಅಕ್ಷರದ ಬದಲು ಸಾಧನದ ಪೂರ್ಣ ಜಾಲ ವಿಳಾಸವನ್ನೂ ಪ್ರತ್ಯೇಕ ಬಳಕೆದಾರ ಹೆಸರನ್ನೂ ತಂತ್ರಾಂಶಕ್ಕೆ ನೀಡುವುದೇ ಇದಕ್ಕೆ ಪರಿಹಾರ.

ಇತ್ತೀಚಿನ ಮತ್ತೊಂದು ಬದಲಾವಣೆಯನ್ನೂ ಗಮನಿಸಬೇಕು. ವಿಂಡೋಸ್ 11ರ 2024ರ ಆವೃತ್ತಿಯು ಎಸ್‌ಎಂಬಿ ಸಂದೇಶಗಳಿಗೆ ಡಿಜಿಟಲ್ ಸಹಿಯನ್ನು ಕಡ್ಡಾಯಗೊಳಿಸಿದೆ. ಪ್ರೋ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನೂ ಮುಚ್ಚಲಾಗಿದೆ. ಹಳೆಯ ನ್ಯಾಸ್ ಪೆಟ್ಟಿಗೆ ಅಥವಾ ರೂಟರ್‌ಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್ ನಿನ್ನೆಯವರೆಗೆ ತೆರೆಯುತ್ತಿದ್ದು, ಹೊಸ ಗಣಕಯಂತ್ರ ಬಂದ ಬಳಿಕ ತೆರೆಯದಿರಲು ಇದು ಕಾರಣವಾಗಿರಬಹುದು. ಇಂತಹ ಸಂದರ್ಭದಲ್ಲಿ ಗಣಕಯಂತ್ರದ ಭದ್ರತೆಯನ್ನು ಸಡಿಲಿಸುವುದು ಸುಲಭವೆನಿಸಿದರೂ, ಸಂಗ್ರಹ ಸಾಧನದ ತಂತ್ರಾಂಶವನ್ನು ನವೀಕರಿಸಿ ಪಾಸ್‌ವರ್ಡ್ ಸಹಿತ ಪ್ರವೇಶ ನೀಡುವುದೇ ಸರಿಯಾದ ಕ್ರಮ.

6. ಕನ್ನಡ ಹೆಸರಿನ ಕಡತಗಳು: ವಿಶೇಷ ಗಮನ

ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡುವುದು ಆಡಳಿತ ಭಾಷಾ ನೀತಿಗೆ ಅನುಗುಣವಾದುದು. ಅದರಿಂದ ಬ್ಯಾಕಪ್‌ಗೆ ತೊಂದರೆಯಾಗಬೇಕಿಲ್ಲ. ಆದರೆ ಮೂರು ಅಂಶಗಳು ತಿಳಿದಿರಬೇಕು.

ಮೊದಲನೆಯದು ಹೆಸರಿನ ಉದ್ದ. ವಿಂಡೋಸ್‌ನಲ್ಲಿ ಕಡತದ ಹೆಸರು 255 ಸಂಕೇತಗಳವರೆಗೆ ಇರಬಹುದು. ಲಿನಕ್ಸ್‌ನಲ್ಲಿ ಮಿತಿ 255 ಬೈಟ್‌ಗಳು. ಯುನಿಕೋಡ್ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಅಲ್ಲಿ ಮೂರು ಬೈಟ್ ಬೇಕಾಗುತ್ತದೆ. ಅಂದರೆ ಲಿನಕ್ಸ್ ಆಧಾರಿತ ಪೆಟ್ಟಿಗೆಯಲ್ಲಿ ಕನ್ನಡದ ಹೆಸರಿಗೆ ಸುಮಾರು 85 ಸಂಕೇತಗಳಿಗಷ್ಟೇ ಸ್ಥಳ. ಗೂಢಲಿಪಿ ರಕ್ಷಣೆಯಿರುವ ಕೆಲವು ಪೆಟ್ಟಿಗೆಗಳಲ್ಲಿ ಮಿತಿ 143 ಬೈಟ್‌ಗಳಿಗೆ ಇಳಿಯುತ್ತದೆ, ಅಂದರೆ ಕನ್ನಡದ 47 ಸಂಕೇತಗಳು. ಕನ್ನಡದಲ್ಲಿ ಒತ್ತು, ಸ್ವರಚಿಹ್ನೆಗಳೂ ಪ್ರತ್ಯೇಕ ಸಂಕೇತಗಳೇ. 'ಳ್ಳಿ' ಎಂಬ ಒಂದೇ ಅಕ್ಷರಕ್ಕೆ ನಾಲ್ಕು ಸಂಕೇತಗಳು ಬೇಕು. ಹೀಗಾಗಿ ಕಾಮಗಾರಿಯ ಪೂರ್ಣ ಶೀರ್ಷಿಕೆಯನ್ನೇ ಕಡತದ ಹೆಸರಾಗಿಸಿದರೆ ಅದು ವಿಂಡೋಸ್‌ನಲ್ಲಿ ಉಳಿದು, ಬ್ಯಾಕಪ್ ಪೆಟ್ಟಿಗೆಗೆ ಹೋಗುವಾಗ ನಿರಾಕರಿಸಲ್ಪಡಬಹುದು. ವರ್ಷ, ವಾರ್ಡ್ ಸಂಖ್ಯೆ ಮತ್ತು ಒಂದೆರಡು ಪದಗಳ ಚಿಕ್ಕ ಹೆಸರು ಸಾಕು.

ಎರಡನೆಯದು ಒಂದೇ ಅಕ್ಷರವನ್ನು ಎರಡು ರೀತಿಯಲ್ಲಿ ಬರೆಯುವ ಸಾಧ್ಯತೆ. 'ಕೆಂಗೇರಿ' ಪದದಲ್ಲಿರುವ 'ಗೇ' ಅಕ್ಷರದ ಏತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. 'ರಾಮೋಹಳ್ಳಿ'ಯ ಓತ್ವವನ್ನು ಬಿಡಿಸಿದರೆ ಮೂರು ಸಂಕೇತಗಳಾಗುತ್ತವೆ. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಬರೆಯುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್ ಕೊಟ್ಟಂತೆಯೇ ಇಟ್ಟುಕೊಳ್ಳುತ್ತವೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಯಂತ್ರಕ್ಕೆ ಬೇರೆಬೇರೆಯಾದಾಗ, ಬ್ಯಾಕಪ್ ತಂತ್ರಾಂಶವು ಹಳೆಯ ಕಡತ ಅಳಿದಿದೆ, ಹೊಸದೊಂದು ಬಂದಿದೆ ಎಂದು ಭಾವಿಸಬಹುದು. ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಂಡರೆ ಒಂದನ್ನು ತಕ್ಷಣ ಅಳಿಸದೆ, ಎರಡನ್ನೂ ತೆರೆದು ಹೋಲಿಸಬೇಕು.

ಮೂರನೆಯದು ಯುನಿಕೋಡ್‌ಗೆ ಹಿಂದಿನ ಕಡತಗಳು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರ ಶೈಲಿಯಲ್ಲಿ ಬೆರಳಚ್ಚಾದ ನಡವಳಿಗಳು ಅನೇಕ ಕಚೇರಿಗಳಲ್ಲಿವೆ. ಇಂತಹ ಕಡತದ ಪ್ರತಿ ಸುರಕ್ಷಿತವಾಗಿದ್ದರೂ, ಆ ಅಕ್ಷರ ಶೈಲಿ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಆದುದರಿಂದ ಮೂಲ ಕಡತದೊಂದಿಗೆ ಅಕ್ಷರ ಶೈಲಿಯ ಕಡತವನ್ನೂ, ಅದೇ ಪತ್ರದ ಪಿಡಿಎಫ್ ಪ್ರತಿಯನ್ನೂ ಬ್ಯಾಕಪ್‌ನಲ್ಲಿ ಇಡುವುದು ಒಳಿತು.

ಇದಲ್ಲದೆ, ದಿನಾಂಕ ಅಥವಾ ಪತ್ರ ಸಂಖ್ಯೆ ಬರೆಯುವಾಗ ಬಳಸುವ ಓರೆಗೆರೆ, ವಿವರಣ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ ಮತ್ತು ನಕ್ಷತ್ರ ಚಿಹ್ನೆಗಳನ್ನು ವಿಂಡೋಸ್ ಕಡತದ ಹೆಸರಿನಲ್ಲಿ ಒಪ್ಪುವುದಿಲ್ಲ. ಓರೆಗೆರೆಯ ಹೊರತು ಉಳಿದವನ್ನು ಲಿನಕ್ಸ್ ಒಪ್ಪುತ್ತದೆ. ಅಡ್ಡಗೆರೆಯನ್ನು ಬಳಸಿದರೆ ಎಲ್ಲೆಡೆಯೂ ನಡೆಯುತ್ತದೆ.

7. 2017ರ ಪಾಠ

ಪ್ರೋಟೋಕಾಲ್‌ನ ಹಳೆಯ ಆವೃತ್ತಿಯನ್ನು ಚಾಲ್ತಿಯಲ್ಲಿಟ್ಟರೆ ಏನಾಗಬಹುದು ಎಂಬುದಕ್ಕೆ ನೆರೆಯ ಜಿಲ್ಲೆಯೊಂದರ ನಿದರ್ಶನವಿದೆ. 2017ರ ಮೇ 12ರಂದು ವಾನ್ನಾಕ್ರೈ ಎಂಬ ದುರುದ್ದೇಶದ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಅದು ಗಣಕಯಂತ್ರದ ಕಡತಗಳನ್ನು ಗೂಢಲಿಪಿಗೆ ಪರಿವರ್ತಿಸಿ, ಬಿಡಿಸಿಕೊಡಲು ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ತತ್ತರಿಸಿದ ಆ ದಿನಗಳಲ್ಲಿಯೇ, ಕರ್ನಾಟಕದ ಗಡಿಗೆ ಹೊಂದಿಕೊಂಡ ಕೇರಳದ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರಗಳೂ ಅದಕ್ಕೆ ತುತ್ತಾದವು. ಗ್ರಾಮ ಪಂಚಾಯಿತಿಯಂತಹ ಸಣ್ಣ ಕಚೇರಿಯತ್ತ ಯಾರು ನೋಡುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲವೆಂಬುದನ್ನು ಈ ಘಟನೆ ತೋರಿಸಿತು.

ಆ ತಂತ್ರಾಂಶ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಹರಡಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷದ ಮೂಲಕ. ದೋಷವನ್ನು ಸರಿಪಡಿಸುವ ನವೀಕರಣವನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, 2017ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತ್ತು. ನವೀಕರಿಸದ ಯಂತ್ರಗಳು ಮಾತ್ರ ಸಿಲುಕಿದವು. ಅದೇ ವರ್ಷದ ಕೊನೆಯ ಭಾಗದಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಮೊದಲ ಆವೃತ್ತಿಯನ್ನು ತಾನಾಗಿ ಸೇರಿಸುವುದನ್ನು ನಿಲ್ಲಿಸಲಾಯಿತು.

ಆದರೂ ಅದು ಕಚೇರಿಗೆ ಹಿಂಬಾಗಿಲಿನಿಂದ ಮರಳುವುದುಂಟು. ವಿಂಡೋಸ್ ಎಕ್ಸ್‌ಪಿ ಯಂತ್ರಗಳಿಗೆ ಮೊದಲ ಆವೃತ್ತಿ ಮಾತ್ರ ತಿಳಿದಿದೆ. ಸ್ಕ್ಯಾನ್ ಮಾಡಿದ ಪುಟವನ್ನು ನೇರವಾಗಿ ಫೋಲ್ಡರ್‌ಗೆ ಕಳುಹಿಸುವ ಕೆಲವು ಹಳೆಯ ಜೆರಾಕ್ಸ್ ಯಂತ್ರಗಳದ್ದೂ ಅದೇ ಸ್ಥಿತಿ. ಸ್ಕ್ಯಾನ್ ಹೋಗುತ್ತಿಲ್ಲ ಎಂಬ ದೂರಿಗೆ ಸುಲಭ ಪರಿಹಾರವಾಗಿ ದುರಸ್ತಿಗಾರರು ಮೊದಲ ಆವೃತ್ತಿಯನ್ನು ಪುನಃ ಸಕ್ರಿಯಗೊಳಿಸಿದರೆ, ಇಡೀ ಕಚೇರಿಯ ಬಾಗಿಲು ತೆರೆದಂತಾಗುತ್ತದೆ. ಸ್ಕ್ಯಾನ್ ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಯುಎಸ್‌ಬಿ ತಂತಿಯ ಮೂಲಕ ಪಡೆಯುವುದು ಅದಕ್ಕಿಂತ ಮೇಲು.

ಈ ಘಟನೆಯ ಮತ್ತೊಂದು ಪಾಠ ಬ್ಯಾಕಪ್‌ಗೇ ಸಂಬಂಧಿಸಿದ್ದು. ಹಂಚಿಕೆಯ ಫೋಲ್ಡರ್ ಸದಾ ತೆರೆದಿದ್ದರೆ, ಗಣಕಯಂತ್ರಕ್ಕೆ ತಗುಲಿದ ದುರುದ್ದೇಶದ ತಂತ್ರಾಂಶ ಬ್ಯಾಕಪ್ ಪ್ರತಿಯನ್ನೂ ಹಾಳುಮಾಡಬಲ್ಲುದು. ಆದುದರಿಂದ ಬ್ಯಾಕಪ್ ಫೋಲ್ಡರ್‌ಗೆ ಬರೆಯುವ ಹಕ್ಕು ಬ್ಯಾಕಪ್ ತಂತ್ರಾಂಶಕ್ಕೆಂದೇ ಸೃಷ್ಟಿಸಿದ ಬಳಕೆದಾರ ಹೆಸರಿಗೆ ಮಾತ್ರ ಇರಬೇಕು. ಜೊತೆಗೆ, ಬ್ಯಾಕಪ್ ಮುಗಿದೊಡನೆ ತಂತಿ ಬಿಡಿಸಿ ಬೀರುವಿನಲ್ಲಿಡುವ ಒಂದು ಹಾರ್ಡ್ ಡಿಸ್ಕ್ ಇರಬೇಕು. ಜಾಲಕ್ಕೆ ಸೇರಿರದ ಡಿಸ್ಕ್‌ಗೆ ಜಾಲದ ರೋಗ ತಗುಲುವುದಿಲ್ಲ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಗಣಕಯಂತ್ರದ ಮೂಲ ಕಡತವೂ ಈ ಮೂರರಲ್ಲಿ ಸೇರುತ್ತದೆ.

ಇಂತಹ ದಾಳಿ ನಡೆದಲ್ಲಿ, 2022ರ ಏಪ್ರಿಲ್ 28ರ ಸಿಇಆರ್‌ಟಿ-ಇನ್ ನಿರ್ದೇಶನದಂತೆ ತಿಳಿದುಬಂದ ಆರು ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ಸರ್ಕಾರಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡಿದ್ದರೆ 1930 ಸಹಾಯವಾಣಿಗೆ ಕರೆ ಮಾಡಬಹುದು.

8. ಮರಳಿ ಪಡೆಯುವ ಪರೀಕ್ಷೆ

ಪ್ರತಿ ಮಾಡುವುದು ಅರ್ಧ ಕೆಲಸ. ಪ್ರತಿಯಿಂದ ಕಡತವನ್ನು ಮರಳಿ ಪಡೆದಾಗ ಮಾತ್ರ ಕೆಲಸ ಪೂರ್ಣವಾಗುತ್ತದೆ. ಬ್ಯಾಕಪ್ ಯಶಸ್ವಿ ಎಂಬ ಹಸಿರು ಗುರುತು ಕಡತ ತೆರೆಯುತ್ತದೆ ಎಂಬುದಕ್ಕೆ ಪುರಾವೆಯಲ್ಲ.

ಪರೀಕ್ಷೆ ಕಠಿಣವೇನಲ್ಲ. ವರ್ಷಕ್ಕೆ ಎರಡು ಬಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಹಳೆಯ ವರ್ಷದ ಒಂದು ನಡವಳಿ, ಒಂದು ನಕ್ಷೆ ಮತ್ತು ಒಂದು ಸ್ಕ್ಯಾನ್ ವಹಿಯನ್ನು ಆಯ್ದು, ಅವುಗಳನ್ನು ಮೂಲ ಗಣಕಯಂತ್ರವಲ್ಲದ ಬೇರೊಂದು ಯಂತ್ರದಲ್ಲಿ, ಸಾಧ್ಯವಾದರೆ ಬೇರೊಂದು ಕಾರ್ಯಾಚರಣೆ ವ್ಯವಸ್ಥೆಯಲ್ಲಿ, ಬ್ಯಾಕಪ್‌ನಿಂದ ತೆಗೆದು ತೋರಿಸಬೇಕು. ಹೆಸರು ಕನ್ನಡದಲ್ಲಿಯೇ ಬಂದಿದೆಯೇ, ಪುಟಗಳು ಪೂರ್ಣವಾಗಿವೆಯೇ, ಕೊನೆಯ ತಿದ್ದುಪಡಿಯ ದಿನಾಂಕ ಸರಿಯಿದೆಯೇ ಎಂಬುದನ್ನು ನೋಡಬೇಕು. ವಾರ್ಷಿಕ ಜಮಾಬಂದಿಯ ಸಂದರ್ಭದಲ್ಲಿ ವಹಿಗಳನ್ನು ಸಾರ್ವಜನಿಕರ ಮುಂದೆ ಇಡುವಂತೆ, ಈ ಪರೀಕ್ಷೆಯ ಫಲಿತಾಂಶವನ್ನೂ ಇಡುವುದು ಪಾರದರ್ಶಕತೆಗೆ ಪೂರಕ.

ಬೀರುವಿನಲ್ಲಿಡುವ ಡಿಸ್ಕ್ ಬಗ್ಗೆಯೂ ಒಂದು ಮಾತು. ಹಳೆಯ ಎಫ್‌ಎಟಿ32 ವಿಧಾನದಲ್ಲಿ ಸಿದ್ಧಪಡಿಸಿದ ಡಿಸ್ಕ್ 4 ಜಿಬಿಗಿಂತ ದೊಡ್ಡ ಕಡತವನ್ನು ಒಪ್ಪುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ಅನ್ನು ಮ್ಯಾಕ್ ಓದಬಲ್ಲುದೇ ಹೊರತು ತಾನಾಗಿ ಅದಕ್ಕೆ ಬರೆಯಲಾರದು. ಸದ್ಯ ಮೂರೂ ವ್ಯವಸ್ಥೆಗಳು ಓದಿ ಬರೆಯಬಲ್ಲ ವಿಧಾನ ಎಕ್ಸ್‌ಫ್ಯಾಟ್.

9. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಸದಸ್ಯರು ತಾಂತ್ರಿಕ ಪರಿಣತರಾಗಬೇಕಿಲ್ಲ. ಜೆಮ್ ಪೋರ್ಟಲ್ ಮೂಲಕ ಖರೀದಿಯಾಗಲಿ, ರಾಜಾಜಿನಗರ ಅಥವಾ ವಿಜಯನಗರದ ಅಂಗಡಿಗಳಿಂದ ದರಪಟ್ಟಿ ತರಿಸಲಿ, ಪ್ರಸ್ತಾವನೆಯನ್ನು ಅನುಮೋದಿಸುವ ಮುನ್ನ ಕೆಳಗಿನ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ.

(1) ಕಚೇರಿಯಲ್ಲಿ ಎಷ್ಟು ಗಣಕಯಂತ್ರಗಳಿವೆ, ಪ್ರತಿಯೊಂದರ ಕಾರ್ಯಾಚರಣೆ ವ್ಯವಸ್ಥೆ ಮತ್ತು ಆವೃತ್ತಿ ಯಾವುದು?
(2) ಉದ್ದೇಶಿತ ಸಂಗ್ರಹ ಸಾಧನ ಯಾವ ಯಾವ ಪ್ರೋಟೋಕಾಲ್‌ಗಳನ್ನು ಬಲ್ಲುದು? ಎಸ್‌ಎಂಬಿಯ ಮೂರನೆಯ ಆವೃತ್ತಿ ಇದೆಯೇ? ಮೊದಲ ಆವೃತ್ತಿಯನ್ನು ಮುಚ್ಚಬಹುದೇ?
(3) ಬ್ಯಾಕಪ್ ತಂತ್ರಾಂಶವು ಈ ಎಲ್ಲ ಗಣಕಯಂತ್ರಗಳಲ್ಲಿ ನಡೆಯುತ್ತದೆಯೇ? ಯಾರೂ ಲಾಗಿನ್ ಆಗಿರದಿದ್ದಾಗಲೂ ಕೆಲಸ ಮಾಡುತ್ತದೆಯೇ?
(4) ಕನ್ನಡದ ಉದ್ದ ಹೆಸರಿನ ಕಡತವನ್ನು ಪೂರೈಕೆದಾರರು ಪ್ರತಿ ಮಾಡಿ, ಮರಳಿ ತೆಗೆದು ತೋರಿಸಿದ್ದಾರೆಯೇ?
(5) ತಂತ್ರಾಂಶದ ಪರವಾನಗಿ ಮುಗಿದ ನಂತರವೂ ಹಳೆಯ ಪ್ರತಿಗಳನ್ನು ತೆರೆಯಬಹುದೇ?
(6) ಗೂಢಲಿಪಿಯ ಪಾಸ್‌ವರ್ಡ್ ಯಾರ ವಶದಲ್ಲಿದೆ? ಸಿಬ್ಬಂದಿ ವರ್ಗಾವಣೆಯಾದಾಗ ಅದನ್ನು ಪ್ರಭಾರ ಪಟ್ಟಿಯಲ್ಲಿ ಹಸ್ತಾಂತರಿಸುವ ವ್ಯವಸ್ಥೆ ಇದೆಯೇ?
(7) ಕಚೇರಿಯಿಂದ ಹೊರಗಿಡುವ ಪ್ರತಿ ಎಲ್ಲಿದೆ, ಅದನ್ನು ಕೊನೆಯ ಬಾರಿ ತೆರೆದು ನೋಡಿದ ದಿನಾಂಕ ಯಾವುದು?

ಈ ಏಳರಲ್ಲಿ ಆರನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಡಾಟಾ ಎಂಟ್ರಿ ಆಪರೇಟರ್ ಒಬ್ಬರಿಗೆ ಮಾತ್ರ ತಿಳಿದಿರುವ ಪಾಸ್‌ವರ್ಡ್, ಅವರು ಕೆಲಸ ಬಿಟ್ಟ ದಿನ ಇಡೀ ಬ್ಯಾಕಪ್‌ಗೆ ಬೀಗ ಹಾಕಿದಂತೆ. ಅದನ್ನು ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯ ಭದ್ರ ಬೀರುವಿನಲ್ಲಿಟ್ಟು, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ನಮೂದಿಸಬೇಕು.

ಗ್ರಾಮ ಪಂಚಾಯಿತಿಯ ಸದಸ್ಯತ್ವದ ಅವಧಿ ಐದು ವರ್ಷ. ಸಭೆಯಲ್ಲಿ ಕೈಗೊಂಡ ನಿರ್ಣಯದ ಆಯುಷ್ಯ ಅದಕ್ಕಿಂತ ದೀರ್ಘ. ಮನೆ, ನಿವೇಶನ, ನೀರಿನ ಸಂಪರ್ಕದ ಹಕ್ಕನ್ನು ಸಾಬೀತುಪಡಿಸಲು ಗ್ರಾಮಸ್ಥರು ಮುಂದೊಂದು ದಿನ ಕೇಳುವುದು ಇಂದಿನ ಕಡತವನ್ನೇ. ಅಂದು ಕಚೇರಿಯ ಫಲಕದ ಮೇಲೆ ಗ್ರಾಮ ಪಂಚಾಯಿತಿ ಎಂದಿರಲಿ, ನಗರ ಪಾಲಿಕೆ ಎಂದಿರಲಿ, ಆ ಕಡತ ತೆರೆಯಬೇಕು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮೊದಲ ಹೆಜ್ಜೆಯಾಗಿ ಒಂದು ಹಳೆಯ ನಡವಳಿಯನ್ನು ಬ್ಯಾಕಪ್‌ನಿಂದ ತೆಗೆದು ಸಭೆಯಲ್ಲಿ ಓದಿಸಬಹುದು.